ಮುಂದಕ್ಕೆ ಬಾಗಿದ ಅಜ್ಜಿ

ಗೋಡೆಯ ಮೇಲಿನ ಪಟ ಸೊಟ್ಟಗಿದ್ದರೆ ನನಗೆ ಎದುರಿನವರ ಮಾತು ಕಿವಿಗೇ ಬೀಳುವುದಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಸ್ಕೇಲು ಹಿಡಿದು ಮಾರ್ಜಿನ್ ಹಾಕಿಸಿದ್ದರ ಫಲ. ಯಾರ ಮನೆಗೆ ಹೋದರೂ, ಅವರು ಕಾಫಿ ತರಲು ಒಳಗೆ ಹೋದ ತಕ್ಷಣ ಎದ್ದು ಅವರ ಕ್ಯಾಲೆಂಡರನ್ನು ನೇರ ಮಾಡಿ ಬಂದು ಕೂರುತ್ತೇನೆ. ಇಂಥವಳು ಒಂದು ಸುಳ್ಳು ಹೇಳಿದ್ದು ಹೇಗೆಂದು ಒಪ್ಪಿಸಿಬಿಡುತ್ತೇನೆ.

ಚನ್ನಪಟ್ಟಣದ ನಮ್ಮ ಹಾಲ್‌ನಲ್ಲಿ ಮೂರು ಗೋಡೆಗಳು ದೇವರಿಗೂ ಗಂಡನ ಕಡೆಯ ಹಿರಿಯರಿಗೂ ಸೇರಿದ್ದವು. ಕಿಟಕಿ ಪಕ್ಕದ ನಾಲ್ಕನೆಯದನ್ನು ಮದುವೆಯಾದ ಹದಿನೆಂಟನೆಯ ವರ್ಷಕ್ಕೆ ಅತ್ತೆ ನನಗೆ ಬಿಟ್ಟುಕೊಟ್ಟರು. "ಒಂದ್ ತಿಂಗ್ಳು ನೋಡವ. ಬಂದೋರು ಇದೇನಿದು ಅಂತ ಮೂಗು ಮುರಿದ್ರೆ ಇಳಿಸ್ಬುಡ್ಬೇಕು ಕಣಮ್ಮ" ಎಂಬ ಷರತ್ತಿನ ಮೇಲೆ.

ನಾನು ತರಿಸಿದ್ದು ಯಾವುದೋ ದೂರದೇಶದ ಚಿತ್ರದ ಪ್ರಿಂಟು. ತಲೆಗೆ ಬಿಳಿಬಟ್ಟೆ ಹೊದ್ದ ಮುದುಕಿಯೊಬ್ಬಳು ಕಿಟಕಿಯ ಬೆಳಕಿಗೆ ಕೂತು ಬಟಾಣಿ ಬಿಡಿಸುತ್ತಿದ್ದಾಳೆ. ಹೆಬ್ಬೆರಳ ಉಗುರಿನಲ್ಲಿ ಸಿಕ್ಕಿಕೊಂಡ ಸಿಪ್ಪೆಯನ್ನೂ ಬರೆದಿದ್ದಾರೆ, ಅದಕ್ಕೇ ಮನಸೋತೆ. ಫ್ರೇಮು ಹಾಕಲು ಫಯಾಜ್ ಭಾಯಿಗೆ ಕೊಟ್ಟೆ. ಅವರದು ಬೊಂಬೆ ಕಡೆಯುವ ಮನೆತನ, ಈಗ ಫ್ರೇಮಿನ ಅಂಗಡಿ. ಅವರ ಕೈಗೆ ಬರುವ ಪಟಗಳಲ್ಲಿ ಇರುವವರು ದೇವರು, ಇಲ್ಲವೇ ತೀರಿಕೊಂಡವರು. ನನ್ನ ಮುದುಕಿ ದೇವರಲ್ಲವೆಂದು ಅವರಿಗೆ ನೋಡಿದೊಡನೆ ತಿಳಿಯಿತು.

ಹಾಗಾಗಿ ಬಂಗಾರದ ಬಣ್ಣದ ಕಟ್ಟು ಬಂತು. ಮೇಲಿನ ಎರಡು ಮೂಲೆಗೆ ಹೊಳೆಯುವ ಕೆಂಪು ಅರಗಿನ ಗುಂಡುಗಳು. ನೇತುಹಾಕಿದರೆ ಪಟ ಮುಂದಕ್ಕೆ ಬಾಗುತ್ತಿತ್ತು.

"ಭಾಯಿ, ಗೋಡೆಗೆ ಅಂಟಿಕೊಂಡ ಹಾಗೆ ಇರಬೇಕಿತ್ತಲ್ಲ?" ಎಂದೆ.

"ಹಂಗೆಲ್ಲಾ ಮಾಡ್ಬಾರ್ದು ಮೇಡಂ. ದೊಡ್ಡೋರು ಒಸಿ ಬಗ್ಗಿದ್ರೇನೇ ಮನೆಯೋರು ಅವ್ರ ಕಣ್ಣಿಗೆ ಕಾಣೋದು. ಹಾರಕ್ಕೆ ಗುಂಡು ನಾನೇ ಕಡ್ದಿರೋದು, ನೋಡಿ ಹೆಂಗವೆ!"

ಅಷ್ಟು ಚೆಂದದ ಗುಂಡುಗಳನ್ನು ಕೀಳಿಸಲು ನನಗೆ ಮನಸ್ಸು ಬರಲಿಲ್ಲ.

ಮೂರನೆಯ ದಿನ ಅಕ್ಕೂರಿನಿಂದ ಅತ್ತೆಯ ತಂಗಿ ಬಂದರು. ಪಟ ಕಂಡದ್ದೇ ಕೈಮುಗಿದರು. "ಎಂಥಾ ಲಕ್ಷಣವಾದ ಮಖ! ಯಾರವ್ವಾ ಇವ್ರು?"

ಅತ್ತೆ ನನ್ನತ್ತ ನೋಡಿದರು. 'ಇಳಿಸು' ಎಂಬುದು ಅವರ ತುಟಿಯವರೆಗೆ ಬಂದು ನಿಂತಿತ್ತು. ಹದಿನೆಂಟು ವರ್ಷ ಕಾದ ಗೋಡೆ.

"ನಮ್ಮಮ್ಮನ ಅಜ್ಜಿ" ಎಂದೆ.

"ಓಗಿ ಬಾಳಾ ದಿನ ಆಯ್ತಾ?"

"ತುಂಬಾ ವರ್ಷ ಆಯಿತು." ಅಷ್ಟು ಮಾತ್ರ ನಿಜವಿದ್ದೀತು.

ಅತ್ತೆ ಗದರಿದರು. "ಮೊದ್ಲೇ ಯೋಳ್ಬಾರ್ದಾ? ಹಿರೀಕ್ರ ಪೋಟಾನ ಯಾರಾದ್ರೂ ಇಳಿಸು ಅಂತಾರಾ?" ಸಂಜೆಗೆ ಕೆಂಪು ಗುಂಡುಗಳಿಂದ ಕನಕಾಂಬರದ ಹಾರ ಇಳಿಬಿದ್ದಿತ್ತು. ಗೋಡೆ ನನ್ನದಾಗಿತ್ತು.

ಆಮೇಲೆ ಪಿತೃಪಕ್ಷ ಬಂತು. ಗೋಡೆಯ ಮೇಲಿರುವ ಹಿರಿಯರಿಗೆಲ್ಲ ಎಡೆ ಇಡುವುದು ನಮ್ಮ ಮನೆಯ ಪದ್ಧತಿ. ಅವರವರಿಗೆ ಇಷ್ಟವಾದ ಅಡುಗೆಯೇ ಆಗಬೇಕು. ಅತ್ತೆ ಚಿತ್ರದ ಕೆಳಗೆ ನಿಂತು ಬಹಳ ಹೊತ್ತು ನೋಡಿದರು.

"ಕಾಳು ಬಿಡಿಸ್ಕೊಂಡು ಕುಂತವ್ರೆ. ಆಯಮ್ಮಂಗೆ ಹಿತಕಿದವರೆ ಸಾರು ಅಂದ್ರೆ ಪ್ರಾಣ ಅಂತ ಕಾಣ್ತದೆ. ನಿಮ್ಮ ಕಡೆಯೋರು, ನೀನೇ ಹಿತುಕ್ಬೇಕು." ಹೇಳುವಾಗ ಅವರ ತುಟಿಯಂಚು ಒಂದಿಷ್ಟು ನಕ್ಕಂತಿತ್ತು.

ಎರಡು ಸೇರು ಒಣ ಅವರೆ ನೆನೆಸಿ, ಬೆಳಕಿಗೆಂದು ಕಿಟಕಿಯ ಹತ್ತಿರ ಕೂತೆ. ಬಿಸಿಲಿಗೆ ತಲೆಗೆ ಸೆರಗು ಹೊದ್ದೆ. ಒಂದೊಂದೇ ಕಾಳನ್ನು ಹಿತುಕುತ್ತಿದ್ದರೆ ತಲೆಯ ಮೇಲಿಂದ ಅಜ್ಜಿ, ಸಿಪ್ಪೆ ಎಲ್ಲಿ ಉಳಿಯಿತೆಂದು ಬಗ್ಗಿ ನೋಡುತ್ತಿದ್ದರು. ಅಕ್ಕೂರಿನ ಚಿಕ್ಕತ್ತೆ ಒಳಗೆ ಬಂದವರು ಪಟವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಅಲ್ಲೇ ನಿಂತರು.

"ಅಕ್ಕಾ, ಬಾ ಇಲ್ಲಿ! ಮುತ್ತಜ್ಜಿ ಮಖಾನೇ ಹೊತ್ಕೊಂಡು ಹುಟ್ಟವ್ಳೆ ನಿನ್ ಸೊಸೆ!"

ನಾನು ತಲೆಯೆತ್ತಲಿಲ್ಲ. ಹೆಬ್ಬೆರಳ ಉಗುರಿನಲ್ಲಿ ಸಿಪ್ಪೆ ಸಿಕ್ಕಿಕೊಂಡಿತ್ತು.