ಮಗಳ ಶಾಲೆಗಾಗಿ ಹೋದ ಮೀಸೆ

ಶಾಲೆಗೆ ಸೇರಿಸುವಾಗ ಪರೀಕ್ಷೆ ಇರುವುದು ಮಕ್ಕಳಿಗೆ ಎಂದು ಬಹಳ ದಿನ ನಂಬಿದ್ದೆ. ನಮ್ಮ ಮನೆಯಲ್ಲಿ ನಪಾಸಾದವನು ನಾನು.

ಎಂಬತ್ತರ ದಶಕದ ಮಾತು. ನಾನಾಗ ಆಂಧ್ರದ ಹಿಂದೂಪುರದಲ್ಲಿ ಸರ್ಕಾರಿ ಗುಮಾಸ್ತ. ನಮ್ಮ ಕಮಲಿಗೆ ಏಳು ವರ್ಷ. ಕಿವಿ ಅಷ್ಟಾಗಿ ಕೇಳಿಸದು. ಎದುರಿಗಿದ್ದವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದಳು. ಮನೆ ಹತ್ತಿರದ ಶಾಲೆಗೆ ಸೇರಿಸಿದೆವು. ಅಲ್ಲಿನ ಮೇಷ್ಟ್ರು ಬೋರ್ಡಿನ ಕಡೆ ಮುಖ ಮಾಡಿಕೊಂಡೇ ಪಾಠ ಹೇಳುವವರು. ವರ್ಷದ ಕೊನೆಗೆ ಕಮಲಿ ಕಲಿತದ್ದು, ಅವರ ಅಂಗಿಯ ಬೆನ್ನಿಗೆ ಎಲ್ಲೆಲ್ಲಿ ತೇಪೆ ಇದೆ ಎಂಬುದನ್ನು.

ಕಿವಿ ಕೇಳದ ಮಕ್ಕಳಿಗೆಂದೇ ಬೆಂಗಳೂರಿನಲ್ಲಿ ಶಾಲೆ ಇದೆ ಎಂದು ಯಾರೋ ಹೇಳಿದರು. ರೈಲು ಹತ್ತಿ ಹೋದೆವು. ಒಳ್ಳೆಯ ಶಾಲೆಯೇ. ಆದರೆ ಮಗು ಹಾಸ್ಟೆಲಿನಲ್ಲೇ ಇರಬೇಕು. ಸಾಲಾಗಿ ಇಟ್ಟಿದ್ದ ಪುಟ್ಟ ಪುಟ್ಟ ಟ್ರಂಕುಗಳನ್ನು ನೋಡಿದ್ದೇ ತಡ, ನನ್ನ ಹೆಂಡತಿ ಶಾರದೆ ಕಮಲಿಯ ರಟ್ಟೆ ಹಿಡಿದುಕೊಂಡಳು. “ನಡೀರಿ, ರೈಲಿಗೆ ಹೊತ್ತಾಯ್ತು” ಎಂದಳು. ರೈಲು ಇದ್ದದ್ದು ಸಂಜೆಗೆ. ಆಗಿನ್ನೂ ಬೆಳಗಿನ ಹನ್ನೊಂದು.

ಕೊನೆಗೆ ಕಲ್ಯಾಣದುರ್ಗದಲ್ಲಿ ಮಗ್ಗ ಇಟ್ಟುಕೊಂಡಿದ್ದ ಶಾರದೆಯ ಅಣ್ಣ ಕಾಗದ ಬರೆದರು. ಅಲ್ಲೊಬ್ಬರು ಟೀಚರಮ್ಮ ಹದಿನೈದೇ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕಲಿಸುತ್ತಾರಂತೆ. ಅವರ ತಮ್ಮನಿಗೂ ಕಿವಿ ಕೇಳಿಸದಂತೆ. ಹೋದೆವು. ಮಗಳ ಜಾಣತನವನ್ನು ಅರ್ಧ ಗಂಟೆ ವರ್ಣಿಸಿ, “ಅವಳಮ್ಮ ಹೇಳಿದ್ದೆಲ್ಲ ತಿಳಿಯುತ್ತೆ. ನಾನು ಹೇಳಿದ್ದು ಮಾತ್ರ ಒಂದೂ ತಿಳಿಯೋದಿಲ್ಲ” ಎಂದು ದೂರಿದೆ.

ಟೀಚರಮ್ಮ ನನ್ನ ಮುಖವನ್ನೇ ನೋಡಿ ನಕ್ಕರು. “ಹೆಂಗೆ ತಿಳೀಬೇಕು ಕಣಪ್ಪ? ಬಾಗ್ಲಿಗೆ ಪರದೆ ಬಿಟ್ಟಂಗೆ ಮೀಸೆ ಬಿಟ್ಕೊಂಡಿದ್ದೀರಿ! ಮೊದ್ಲು ಅದನ್ನ ತೆಗೆಸ್ಕೊಂಡು ಬನ್ನಿ.”

ಇಪ್ಪತ್ತು ವರ್ಷ ಎಣ್ಣೆ ಹಚ್ಚಿ ಸಾಕಿದ ಮೀಸೆ ಎರಡು ನಿಮಿಷದಲ್ಲಿ ಹೋಯಿತು. ಕಮಲಿ ನನ್ನ ಮೇಲ್ದುಟಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. “ಈ ಸ್ಕೂಲಿಗೆ ಹೋಗ್ತೀಯಾ?” ಎಂದೆ. ಅಮ್ಮನ ಕಡೆ ತಿರುಗದೆ ನನಗೇ “ಹೂಂ” ಎಂದಳು. ನನಗೆ ಹುಚ್ಚು ಹಿಡಿದಂತಾಯಿತು. ನಿನ್ನ ಹೆಸರೇನು, ನಾನ್ಯಾರು, ಬೆಲ್ಲ ಬೇಕಾ, ಮಾವನ ಮೂಗು ದಪ್ಪವಾ ಎಂದು ಕೇಳಿದ್ದೇ ಕೇಳಿದ್ದು. ಎಲ್ಲದಕ್ಕೂ ಉತ್ತರ ಬಂತು. ಮೂಗಿನ ವಿಷಯಕ್ಕೆ ಸ್ವಲ್ಪ ಜೋರಾಗಿಯೇ ಬಂತು.

ಹಿಂದೂಪುರಕ್ಕೆ ಬಂದ ಮೇಲೆ ಫಜೀತಿ. ನಮ್ಮ ಕಡೆ ಗಂಡಸು ಮೀಸೆ ತೆಗೆಸಿದನೆಂದರೆ ಅವನ ತಂದೆ ತೀರಿಕೊಂಡರೆಂದೇ ಜನ ತಿಳಿಯುವುದು. ಸಂತಾಪ ಹೇಳಲು ಪಕ್ಕದ ಬೀದಿಯವರು ಬಂದರು. ಬಾಗಿಲು ತೆರೆದವರು ನಮ್ಮಪ್ಪ! “ನಾನಿನ್ನೂ ಗಟ್ಟಿಯಾಗಿವ್ನಿ ಕಣ್ಲಾ! ಅದ್ಯಾಕ್ಲಾ ಬೋಳಿಸ್ಕೊಂಡ್ ಬಂದ್ಬುಟ್ಟೆ?” ಎಂದು ನನ್ನ ಮೇಲೆ ಕೂಗಾಡಿದರು. ಕಾರಣ ಹೇಳಿದೆ. ಮೀಸೆ ತಿರುವಿಕೊಂಡು ಒಳಗೆ ಹೋದರು. ಮಾರನೆಯ ದಿನ ನೋಡಿದರೆ ಅವರ ಮೀಸೆಯೂ ಇಲ್ಲ. “ಮಗೀಗೆ ನನ್ ಮಾತೂ ಕಾಣ್ಲಿ ಬುಡು” ಎಂದರು.

ಕಲ್ಯಾಣದುರ್ಗಕ್ಕೆ ವರ್ಗ ಕೇಳಿ ಅರ್ಜಿ ಕೊಟ್ಟೆ. ಸಾಹೇಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. “ಏಮಯ್ಯಾ, ಅಲ್ಲಿಂದ ಇಲ್ಲಿಗೆ ಬರೋಕೆ ಜನ ಕಾಲು ಹಿಡೀತಾರೆ. ನೀನು ಉಲ್ಟಾ ಬರೆದಿದ್ದೀಯಲ್ಲ!” ಆಮೇಲೆ ನನ್ನ ಮುಖ ನೋಡಿ, ದನಿ ತಗ್ಗಿಸಿ, “ಅಯ್ಯೋ ಪಾಪ, ಯಾವಾಗ ಹೋದ್ರು?” ಎಂದರು. ನಾನು ತಲೆ ತಗ್ಗಿಸಿದೆ. ಆರ್ಡರು ವಾರದೊಳಗೆ ಬಂತು.

ಕಮಲಿ ಎಷ್ಟು ಚೆನ್ನಾಗಿ ಕಲಿತಳೆಂದರೆ, ವರ್ಷ ತುಂಬುವುದರೊಳಗೆ ಬೀದಿಯ ಆಚೆ ಬದಿಯವರ ಮಾತೂ ಅವಳಿಗೆ ಸಿಕ್ಕುತ್ತಿತ್ತು. ಒಂದು ಬೆಳಿಗ್ಗೆ ಹೋಟೆಲಿನ ಮುಂದೆ ದೋಸೆ ತಿನ್ನುತ್ತ ಗೆಳೆಯನಿಗೆ, “ನಮ್ಮನೆ ಉಪ್ಪಿಟ್ಟಿಗೆ ಉಪ್ಪು ಜಾಸ್ತಿ, ಅದಕ್ಕೇ ಇಲ್ಲಿಗೆ ಬರ್ತೀನಿ” ಎಂದೆ. ಎದುರು ಬದಿಯಲ್ಲಿ ಕಮಲಿ ಸ್ಕೂಲಿಗೆ ಹೋಗುತ್ತಿದ್ದಳು. ನಾನು ಕೈ ಬೀಸಿದೆ, ಅವಳೂ ಬೀಸಿದಳು. ಸಂಜೆ ಶಾರದೆ ನನ್ನ ಮುಂದೆ ಉಪ್ಪಿಟ್ಟು ಇಟ್ಟಳು. ಅದರಲ್ಲಿ ಒಂದು ಹರಳು ಉಪ್ಪೂ ಇರಲಿಲ್ಲ.

“ಹೆಂಗೈತೆ?” ಎಂದಳು.

ಕಮಲಿ ನನ್ನ ತುಟಿಯನ್ನೇ ನೋಡುತ್ತಿದ್ದಳು. ಇನ್ನೊಂದು ಸಲ ಬಡಿಸಿಕೊಂಡೆ.