ತಾವು ದಿನಕ್ಕೆಷ್ಟು ಸಲ ಬೊಗಳಬೇಕು ಎಂಬುದರ ಕುರಿತು

ಶ್ರೀಯುತ ಸರದಾರ ಅವರಿಗೆ,
ಗಿರಿಮಲ್ಲಪ್ಪನವರ ಅಂಗಳ, ಮುಧೋಳ.

ಮಾನ್ಯರೇ,

ತಿಮ್ಮಾಪುರದ ನಾಯಿ ತಳಿ ಕೇಂದ್ರದಲ್ಲಿ ಹುಟ್ಟಿ, ಸಂಸ್ಥಾನಿಕರ ಕಾಲದಿಂದ ಹೆಸರಾದ ಬೇಟೆನಾಯಿಗಳ ವಂಶವನ್ನು ಬೆಳಗುತ್ತಿರುವ ತಮ್ಮ ನೀಳ ಮೂತಿಗೆ, ಸಪೂರ ಸೊಂಟಕ್ಕೆ ಮತ್ತು ನಮ್ಮ ಓಣಿಯಲ್ಲಿ ಬೇರಾರಿಗೂ ಇಲ್ಲದ ಗಾಂಭೀರ್ಯಕ್ಕೆ ಗೋಡೆಯಾಚೆಯ ಮನೆಯ ಸುವರ್ಣಾ ಮಾಡುವ ಅನಂತ ನಮಸ್ಕಾರಗಳು. ನಾನು ಶಾಲೆಯಲ್ಲಿ ಗಣಿತ ಕಲಿಸುವವಳು. ತಮ್ಮ ಮೇಲೆ ನನಗೆ ವೈಯಕ್ತಿಕ ದ್ವೇಷವೇನೂ ಇಲ್ಲವೆಂದು ಮೊದಲೇ ಸ್ಪಷ್ಟಪಡಿಸುತ್ತೇನೆ. ಕಳೆದ ವಾರ ತಮ್ಮತ್ತ ಹಾರಿಬಂದ ಚಪ್ಪಲಿ ನನ್ನ ಕೈ ತಪ್ಪಿ ಬಂದದ್ದು.

ನನ್ನ ಯಜಮಾನರಾದ ದುರಗೇಶ ಅವರಿಗೆ ಓ.ಸಿ. ಚಟವಿರುವುದು ತಮಗೆ ಗೊತ್ತಿರಲಿಕ್ಕಿಲ್ಲ. ಸೊನ್ನೆಯಿಂದ ಒಂಬತ್ತರೊಳಗಿನ ಒಂದು ಅಂಕಿಗೆ ದುಡ್ಡು ಹಚ್ಚಿ ಚೀಟಿ ಬರೆಸಿ, ಅದೇ ಅಂಕಿ ಬರಲೆಂದು ಸಂಜೆಯವರೆಗೆ ಉಸಿರು ಹಿಡಿದು ಕೂರುವ ಆಟವಿದು. ಮೊದಲು ಅವರು ಬಸ್ಸಿನ ನಂಬರನ್ನು, ಕನಸಿನಲ್ಲಿ ಕಂಡ ಹಾವುಗಳನ್ನು, ನಮ್ಮ ಅತ್ತೆ ಶಂಕ್ರೆವ್ವನವರ ಸೀನುಗಳನ್ನು ನಂಬುತ್ತಿದ್ದರು. ಮೂರು ತಿಂಗಳ ಹಿಂದೆ ತಾವು ಓಣಿಗೆ ದಯಮಾಡಿಸಿದಿರಿ. ಮುಧೋಳ ನಾಯಿ ಸುಮ್ಮಸುಮ್ಮನೆ ಬಾಯಿ ತೆರೆಯುವುದಿಲ್ಲ, ಆದ್ದರಿಂದ ತೆರೆದರೆ ಅದಕ್ಕೆ ಅರ್ಥ ಇರಲೇಬೇಕು ಎಂದು ಯಜಮಾನರು ತರ್ಕಿಸಿದರು. ಅಂದಿನಿಂದ ಬೆಳಗ್ಗೆ ಹಲ್ಲುಜ್ಜುವ ನೆಪದಲ್ಲಿ ಗೋಡೆಗೆ ಕಿವಿ ಹಚ್ಚಿ ತಾಸುಗಟ್ಟಲೆ ನಿಲ್ಲತೊಡಗಿದರು. ಇಡೀ ತಾಲೂಕಿನಲ್ಲಿ ಅಷ್ಟು ಹೊಳೆಯುವ ಹಲ್ಲು ಇನ್ನೊಬ್ಬರಿಗಿಲ್ಲ.

ತಾವು ಮೂರು ಸಲ ಬೊಗಳಿದರೆ ಮೂರು. ಹನ್ನೊಂದು ಸಲ ಬೊಗಳಿದರೆ ಒಂದಕ್ಕೆ ಒಂದು ಕೂಡಿಸಿ ಎರಡು. ಬಾಯಿ ಮುಚ್ಚಿಕೊಂಡು ಮಲಗಿದರೆ ಸೊನ್ನೆ. ಆದ್ದರಿಂದ ತಾವು ಬೊಗಳಲೂ ಬಾರದು, ಬೊಗಳದೆ ಇರಲೂ ಬಾರದು ಎಂಬುದು ನನ್ನ ಪ್ರಥಮ ವಿನಂತಿ. ಅದು ಕಷ್ಟವೆನಿಸಿದರೆ ದಿನಕ್ಕೆ ಎರಡೂ ಮುಕ್ಕಾಲು ಸಲ ಬೊಗಳುವ ಅಭ್ಯಾಸ ಮಾಡಿಕೊಳ್ಳಬೇಕು; ಭಿನ್ನರಾಶಿಯನ್ನು ನಾನೇ ಬಂದು, ಬಿಸ್ಕೀಟಿನ ಸಮೇತ, ಕಲಿಸಿಕೊಡುತ್ತೇನೆ. ಕಣ್ಣು ಮುಚ್ಚಿ ಹೇಳಿದರೂ ಸರಾಸರಿ ಹತ್ತರಲ್ಲಿ ಒಂದು ಸಲ ಅಂಕಿ ತಾಗಬೇಕೆಂದು ಗಣಿತ ಹೇಳುತ್ತದೆ. ಅಂಥದರಲ್ಲಿ ಸತತ ಅರವತ್ತು ದಿನ ಒಂದನ್ನೂ ತಾಗಗೊಡದ ತಮ್ಮ ಪ್ರತಿಭೆಯನ್ನು ಕಂಡು, ಶಾಲೆಗೆ ಕರೆಸಿ ಶಾಲು ಹೊದಿಸೋಣವೆಂದೂ ಯೋಚಿಸಿದ್ದೆ.

ತಮ್ಮಿಂದ ನನಗಾದ ಲಾಭಗಳನ್ನು ಮರೆತರೆ ಕೃತಘ್ನಳಾದೇನು. ನನ್ನ ಸಂಬಳ ಈಗ ನನ್ನೊಬ್ಬಳ ಖಾತೆಗೆ ಹೋಗುತ್ತದೆ, ನನ್ನ ಬಳೆಗಳು ಜಮಖಂಡಿಯಲ್ಲಿ ತಂಗಿ ಪ್ರತಿಮಾಳ ಲಾಕರಿನಲ್ಲಿ ಸುಖವಾಗಿವೆ. ಇದನ್ನು ಕದ್ದುಮುಚ್ಚಿ ಮಾಡಲಿಲ್ಲ, ಯಜಮಾನರೆದುರು ಕೂತು ಹೇಳಿಯೇ ಮಾಡಿದೆ. ಎಲ್ಲಕ್ಕಿಂತ ದೊಡ್ಡ ಲಾಭವೆಂದರೆ ನಾನು ಸುಳ್ಳು ಹೇಳುವುದು ನಿಂತದ್ದು. ಯಜಮಾನರು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಾಟಾದ ಗುಮಾಸ್ತರು. ಚೀಟಿ ಬರೆಸಲು ಓಡಿದ ದಿನವೆಲ್ಲ ನಾನೇ ಅವರ ಸಾಹೇಬರಾದ ರಾಚಪ್ಪನವರಿಗೆ ಫೋನು ಮಾಡಿ ಜ್ವರ, ಕಾಮಾಲೆ, ಸೊಂಟನೋವು ಎಂದು ಒಂದೊಂದೇ ರೋಗವನ್ನು ಯಜಮಾನರಿಗೆ ದಯಪಾಲಿಸುತ್ತಿದ್ದೆ. ಕರುಣಾಳುಗಳಾದ ರಾಚಪ್ಪನವರು ಮೊದಲು ಎಳನೀರು ಕಳಿಸಿದರು, ಕೊನೆಗೆ ಮಿರಜಿನ ದವಾಖಾನೆಗೆ ತಮ್ಮ ಕಾರಿನಲ್ಲೇ ಒಯ್ಯುತ್ತೇನೆಂದು ಬಾಗಿಲಿಗೆ ಬಂದು ನಿಂತರು. ಆಗ ನಮ್ಮ ರೋಗಿ ಹಿತ್ತಲಲ್ಲಿ, ತಾವು ನಾಲ್ಕನೆಯ ಸಲ ಬೊಗಳುತ್ತೀರೋ ಇಲ್ಲವೋ ಎಂದು ಬಾಯ್ತುಂಬ ನೊರೆ ಇಟ್ಟುಕೊಂಡು ಕಾಯುತ್ತಿದ್ದರು. ನನಗೆ ಮೊದಲು ನಗು ಬಂತು, ಆಮೇಲೆ ಅಳು ಬಂತು, ಆಮೇಲೆ ಸಾಹೇಬರಿಗೆ ಕುರ್ಚಿ ಹಾಕಿ ಹಿತ್ತಲಿಗೆ ಹೋದೆ.

“ನಿಮ್ಮನ್ನ ಬಿಟ್ಟಿಲ್ರಿ ನಾ,” ಎಂದೆ, “ನಿಮ್ಮ ಸಲುವಾಗಿ ಸುಳ್ಳ ಹೇಳೂದಷ್ಟ ಬಿಟ್ಟೇನಿ. ಸಾಹೇಬ್ರ ಕುಂತಾರ, ಏನೈತಿ ಅದನ್ನ ನೀವ ಹೇಳ್ರಿ.”

ಹೇಳಿದರು. ನೌಕರಿ ಉಳಿಯಿತು, ಆದರೆ ಇನ್ನೊಂದು ಚೀಟಿ ಬರೆಸಿದರೆ ಅದೂ ಹೋಯಿತು ಎಂಬ ಷರತ್ತಿನ ಮೇಲೆ. ಗುರುವಾರಕ್ಕೊಮ್ಮೆ ಜಮಖಂಡಿಯ ಆಪ್ತಸಮಾಲೋಚಕಿಯ ಬಳಿ ಇಬ್ಬರೂ ಹೋಗುತ್ತೇವೆ. ಎದುರಿನ ಗಾಡಿಗಳ ನಂಬರು ಕಾಣದಿರಲೆಂದು ಯಜಮಾನರು ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಕಬ್ಬು ಎಷ್ಟೆತ್ತರ ಬೆಳೆದಿದೆ, ಯಾರ ಟ್ರ್ಯಾಕ್ಟರು ಹೂತುಕೊಂಡಿದೆ ಎಂದು ನಾನು ಪಕ್ಕದಲ್ಲಿ ಕೂತು ವರದಿ ಒಪ್ಪಿಸುತ್ತೇನೆ. ಸಮಾಲೋಚಕಿ ನನಗೂ ಬೇರೆ ಅರ್ಧ ತಾಸು ಇಟ್ಟಿದ್ದಾರೆ. ಅದರಲ್ಲಿ ನಾನು ಬಹುತೇಕ ತಮ್ಮ ಬಗ್ಗೆಯೇ ಮಾತಾಡುತ್ತೇನೆ.

ಇಷ್ಟೆಲ್ಲ ನೆಟ್ಟಗಾಗುತ್ತಿರುವಾಗ ಈ ಪತ್ರ ಬರೆಯಬೇಕಾದದ್ದು ಮೊನ್ನೆ ಸೋಮವಾರ ತಾವು ಮಾಡಿದ ಘನಕಾರ್ಯದಿಂದ. ನಾಲ್ಕು ವಾರದಿಂದ ಚೀಟಿ ಮುಟ್ಟದ ಯಜಮಾನರು ಹಲ್ಲುಜ್ಜುತ್ತಿರುವ ಹೊತ್ತಿಗೆ ಸರಿಯಾಗಿ ತಾವು ಸ್ಪಷ್ಟ ಉಚ್ಚಾರದಲ್ಲಿ ಐದು ಸಲ ಬೊಗಳಿದಿರಿ. ಅವರು ಬಾಯಿ ಮುಕ್ಕಳಿಸಿ, ಕಿವಿಗೆ ಮಫ್ಲರ್ ಸುತ್ತಿಕೊಂಡು ಕೆಲಸಕ್ಕೆ ಹೋದರು. ಸಂಜೆ ಓಣಿಗೆ ಓಣಿಯೇ ಅದೇ ಸುದ್ದಿ: ಬಂದ ಅಂಕಿ ಐದು. ಅರವತ್ತು ದಿನ ನಿಷ್ಠೆಯಿಂದ ಸುಳ್ಳು ಹೇಳಿದ ತಮಗೆ ಸತ್ಯವಂತರಾಗಲು ಆ ದಿನವೇ ಸಿಕ್ಕಿತೇ, ಮಾನ್ಯರೇ?

ಯಜಮಾನರು ಬಂದು ಕಟ್ಟೆಯ ಮೇಲೆ ಕೂತರು, ಚಪ್ಪಲಿ ಬಿಚ್ಚಲಿಲ್ಲ. ಎದ್ದು ಮತ್ತೆ ಚೀಟಿ ಬರೆಯುವವನ ಕಡೆ ನಡೆದರೆ ತಡೆಯುವ ಶಕ್ತಿ ನನಗಿಲ್ಲ ಎಂದು ನನಗೆ ಗೊತ್ತಿತ್ತು. ಚಹಾ ಇಟ್ಟೆ, ಅದು ಆರಿತು. ಕೊನೆಗೆ ಅವರೇ ಅಂದರು: “ಹಚ್ಚಲಿಲ್ಲ ಅಂತ ಉಳದೆ, ಸುವರ್ಣಾ. ಇವತ್ತ ಗೆದ್ದಿದ್ರ ನಾ ಸಾಯೂತನಕ ಆ ನಾಯಿ ಬಾಗಲಾ ಕಾಯತಿದ್ದೆ.”

ಆಮೇಲೆ ಚಪ್ಪಲಿ ಬಿಚ್ಚಿದರು.

ಗೋಡೆಯ ಈಚೆಯಿಂದ, ಎಲ್ಲ ಆದಮೇಲೂ ತಮ್ಮ ವಿಶ್ವಾಸಿಯೇ ಆದ,
ಸುವರ್ಣಾ

ತಾ.ಕ.: ನಿನ್ನೆ ಬೆಳಗ್ಗೆ ತಾವು ಬೊಗಳಿದಾಗ ಯಜಮಾನರು ಊರಲ್ಲೇ ಇರಲಿಲ್ಲ. ಎರಡು ಎಂದು ಎಣಿಸಿದವಳು ನಾನು. ಸಂಜೆ ಎರಡು ಬರಲಿಲ್ಲವೆಂದು ತಿಳಿದು ಒಂದು ಗಳಿಗೆ ಬೇಸರವೂ ಆಯಿತು. ಇದನ್ನು ಯಜಮಾನರಿಗೆ ನಾನೇ ಹೇಳುತ್ತೇನೆ. ದಯವಿಟ್ಟು ತಾವು ಬಾಯಿ ಹಾಕಬೇಡಿ.