ಮಾವನ ಮನೆಯಿಂದ ಫೋನು

ಟೇಲರಿಗೆ ಸುಳ್ಳು ಹೇಳಲು ಬಾರದು, ನಿಜ ಹೇಳಲು ನಾಚಿಕೆ. ಆ ಬೆಳಿಗ್ಗೆ ಇವೆರಡರ ನಡುವೆ ಸಿಕ್ಕಿಬಿದ್ದ.

ಜೈಲಿನಲ್ಲಿದ್ದ ತಮ್ಮನ ಖಾತೆಗೆ ದುಡ್ಡು ಕಟ್ಟಲು ಹೊರಟಿದ್ದ. ಖಾತೆಯಲ್ಲಿ ದುಡ್ಡಿದ್ದರೆ ಮಾತ್ರ ಒಳಗಿನವರಿಗೆ ಮನೆಗೆ ಫೋನು ಮಾಡಲು ಬಿಡುತ್ತಾರೆ. ಕಿರಿಮಗನ ದನಿ ಕೇಳದೆ ಅಮ್ಮ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದಳು.

"ತಮ್ಮ ಕಾಣ್ತಾನೇ ಇಲ್ವಲ್ಲೋ, ಎಲ್ಲಿದ್ದಾನೆ?" ಇಸ್ತ್ರಿ ಅಂಗಡಿಯ ಅಕ್ಕ ಕೇಳಿದಳು.

"ಮಾವನ ಮನೇಲಿ," ಎಂದ ಟೇಲರ್, ತಲೆ ತಗ್ಗಿಸಿ. ಜೈಲಿಗೆ ಜನ ಹಾಗೇ ತಾನೆ ಅನ್ನುವುದು, ತಿಳಿದುಕೊಂಡು ಸುಮ್ಮನಾಗುತ್ತಾಳೆ ಎಂದುಕೊಂಡ. ಅಕ್ಕ ಸಾಧು ಹೆಂಗಸು. ಮಾವ ಎಂದರೆ ಹೆಂಡತಿಯ ಅಪ್ಪ ಎಂದಷ್ಟೇ ಬಲ್ಲವಳು.

"ಮದುವೆ ಆಗೋಯ್ತಾ? ನಮಗೊಂದು ಮಾತು ಹೇಳ್ಬಾರ್ದಾ?"

ಟೇಲರ್ ಬಾಯಿ ತೆರೆಯುವಷ್ಟರಲ್ಲಿ ಸುದ್ದಿ ಕೈಜಾರಿದ ನೂಲುಂಡೆಯ ಹಾಗೆ ಬೀದಿಯ ಕೊನೆ ಮುಟ್ಟಿತ್ತು. ಸೈಕಲ್ ರಿಪೇರಿಯವನು ಅಡ್ಡ ನಿಂತ.

"ಕದ್ದು ಮದುವೆ ಮಾಡ್ಸಿದೀಯ. ಮಿಠಾಯಿ ಕೊಡ್ಸು."

"ಅವಸರದಲ್ಲಿದೀನಪ್ಪ."

"ಅವಸರದಲ್ಲೇ ಕೊಡ್ಸು. ನಾವೂ ಅವಸರದಲ್ಲೇ ತಿಂತೀವಿ."

ಬೀದಿಯೇ ತಿಂದಿತು. ಔಷಧಿ ಅಂಗಡಿಯವನು ಸಕ್ಕರೆ ಕಾಯಿಲೆ ಎಂದು ಗೊಣಗುತ್ತಲೇ ಇನ್ನೊಂದಕ್ಕೆ ಕೈಚಾಚಿದ.

ಉಳಿದ ಚಿಲ್ಲರೆಯನ್ನು ಜೈಲಿನ ಕಿಟಕಿಯಲ್ಲಿ ಒಡ್ಡಿದಾಗ ಗುಮಾಸ್ತ ಮುಖ ನೋಡಿದ. "ಇಷ್ಟರಲ್ಲಿ ಒಂದು ಸಲ ಮಾತಾಡ್ಬಹುದು. ಅದೂ ಉಸಿರು ಬಿಡದೆ."

"ಸಾಕು ಸ್ವಾಮಿ. ಅಮ್ಮಂಗೆ ದನಿ ಕೇಳಿದ್ರೆ ಸಾಕು."

ಸಂಜೆ ಮನೆಗೆ ಬಂದರೆ ಕೋಣೆ ತುಂಬ ಬೀದಿಯವರು. ಅಮ್ಮ ಎದ್ದು ಕೂತು, ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದಳು. ಅಷ್ಟರಲ್ಲಿ ಟೇಲರ್ ಜೇಬಿನ ಫೋನು ಬಡಿದುಕೊಂಡಿತು. ಅವನು ಅಮ್ಮನ ಕಡೆ ಚಾಚಿದ ಫೋನನ್ನು ಅಕ್ಕ ನಡುವೆಯೇ ಕಿತ್ತುಕೊಂಡಳು.

"ಮದುಮಗನಾ? ನೂರ್ಕಾಲ ಬಾಳಪ್ಪ. ಮಾವನೋರು ಚೆನ್ನಾಗಿ ನೋಡ್ಕೋತಾರಾ? ಅಯ್ಯೋ, ಮಾತೇ ಆಡ್ತಿಲ್ಲ, ನಾಚ್ಕೆ ಇವನಿಗೆ."

ಸೈಕಲ್ಲಿನವನು ಇಸಕೊಂಡ. "ಹೇಳ್ದಂಗೆ ಕೇಳ್ಕೊಂಡಿರು. ಅಲ್ಲಿಂದ ಓಡಿಗೀಡಿ ಬಂದೀಯ ಮತ್ತೆ."

"ಅಮ್ಮಂಗೆ ಕೊಡ್ರಪ್ಪ," ಎಂದ ಟೇಲರ್.

"ಇರೋ, ಅಮ್ಮ ಎಲ್ಲಿಗೆ ಹೋಗ್ತಾಳೆ?" ಎಂದು ಔಷಧಿಯವನು ಕಿವಿಗಿಟ್ಟುಕೊಂಡ. "ಏನೂ ಅವಸರ ಇಲ್ಲಪ್ಪ, ನಿಧಾನಕ್ಕೆ ಇದ್ದು ಬಾ."

ಕೊನೆಗೆ ಫೋನು ಅಮ್ಮನ ಕೈ ಸೇರಿತು. ಕರೆ ಕಡಿದು ಅದರ ಬೆಳಕು ಆರಿದ್ದನ್ನು ಟೇಲರ್ ಕಂಡ.

"ಊಟ ಆಯ್ತಾ ಮಗಾ?" ಅಮ್ಮ ಕಣ್ಣು ಮುಚ್ಚಿ ಕಾದಳು. ಇನ್ನೂ ಸ್ವಲ್ಪ ಕಾದಳು.

ಎಲ್ಲರೂ ಮುಂದಕ್ಕೆ ಬಾಗಿದರು. "ಏನಂತೆ? ಏನಂದ?"

"ಆಯ್ತಂತೆ," ಎಂದಳು ಅಮ್ಮ.